ಜಾಡಿಯಲ್ಲಿ ತೇಲಿ ಬಂದ ಕೋಶಗಳು

"ಈ ವರದಿಗೆ ನಾನು ಸಹಿ ಹಾಕೋದಿಲ್ಲ."

ಹೊಸದಾಗಿ ಬಂದ ಡಾಕ್ಟರು ಅವಳಿಗೆ ಹೇಳಿದ ಮೊದಲ ಮಾತೇ ಅದು... ನಗುವಿಲ್ಲ, ಮುನ್ನುಡಿಯಿಲ್ಲ.

ಒಂಬತ್ತು ವರ್ಷಗಳಿಂದ ಆ ಲ್ಯಾಬಿನಲ್ಲಿ ಜೀವಕೋಶಗಳನ್ನು ಪರೀಕ್ಷಿಸುತ್ತಿದ್ದವಳು ಅವಳು. ದೇವರು ಬರೆದದ್ದನ್ನು ಓದುವ ಕೆಲಸವೆಂದೇ ನಂಬಿದ್ದಳು. ಈ ವರದಿಯ ಗಾಜಿನ ಸ್ಲೈಡಿನ ಮೇಲೂ ಕ್ಯಾನ್ಸರ್ ಕೋಶಗಳನ್ನು ಕಂಡು, ಪಕ್ಕದಲ್ಲಿ ಶಾಯಿಯ ಚುಕ್ಕೆ ಇಟ್ಟಿದ್ದಳು.

"ಇವು ಬೇರೆ ಯಾರದ್ದೋ ಕೋಶ. ಗಾಜುಗಳನ್ನ ಅದ್ದೋ ಬಣ್ಣದ ಜಾಡಿಯಲ್ಲಿ ತೇಲಿ ಬಂದು ಅಂಟಿಕೊಂಡಿವೆ," ಎಂದ ಅವನು.

"ಅಂದ್ರೆ ನನಗೆ ಬಣ್ಣ ಹಾಕೋಕೂ ಬರಲ್ಲ ಅಂತಾನಾ?"

"ಅದನ್ನ ನೀವೇ ಹೇಳ್ತಿದ್ದೀರಿ."

ಅವಳ ಮೈಯೆಲ್ಲ ಉರಿದುಹೋಯಿತು. ಮದುವೆಯಾಗಿ ವರ್ಷ ತುಂಬದ ಹೆಣ್ಣುಮಗಳ ಹೊಟ್ಟೆಯಿಂದ ತೆಗೆದ ನೀರು ಆ ಗಾಜಿನ ಮೇಲಿತ್ತು. ಸಹಿ ಬಿದ್ದರೆ ಗರ್ಭಕೋಶ ತೆಗೆಯುತ್ತಾರೆ. ತಡವಾದರೆ ಪ್ರಾಣವೇ ಹೋದೀತು.

ಅವನು ಹೊಸ ಸ್ಯಾಂಪಲ್ ತರಿಸಲು ಬರೆದ. ಸಹಿ ತಡೆದು ರೋಗಿಯ ಪ್ರಾಣಕ್ಕೆ ಅಪಾಯ ತರುತ್ತಿದ್ದಾನೆಂದು ಅವಳು ಅವನ ಮೇಲೆ ಲ್ಯಾಬಿನ ಮುಖ್ಯಸ್ಥರಿಗೆ ದೂರು ಬರೆದಳು. ಮೂರು ದಿನ ಅವಳು ವರದಿಗಳನ್ನು ಮೇಜಿನ ಮೇಲೆ ಕುಕ್ಕುವಳು. ಅವನು ತಲೆಯೆತ್ತದೆ ತಿದ್ದಿ ವಾಪಸ್ ತಳ್ಳುವನು. ಇಬ್ಬರನ್ನೂ ಒಂದೇ ಜಾಡಿಗೆ ಅದ್ದಿದರೆ ಜಾಡಿಯೇ ಒಡೆದುಹೋಗುತ್ತದೆ ಎಂದು ಪಕ್ಕದ ಮೇಜಿನ ಹಿರಿಯಕ್ಕ ನಗುತ್ತಿದ್ದಳು.

ಆದರೂ ಅವನ ಹೆಜ್ಜೆ ಸದ್ದಿಗೆ ಅವಳ ಕಿವಿ ನಿಮಿರುತ್ತಿತ್ತು. 'ಕೋಪಕ್ಕೆ, ಇನ್ನೇನಕ್ಕೆ...' ಎಂದುಕೊಳ್ಳುತ್ತಿದ್ದಳು.

ನಾಲ್ಕನೆಯ ದಿನ ಹೊಸ ಸ್ಯಾಂಪಲ್ಲಿನ ಗಾಜು ಬಂತು. ಮೂಲೆಯಿಂದ ಮೂಲೆಗೆ ಮೂರು ಸಲ ನೋಡಿದಳು. ಒಂದೂ ಕೆಟ್ಟ ಕೋಶವಿಲ್ಲ.

ಹಳೆಯ ಗಾಜನ್ನಿಟ್ಟು ಸೂಕ್ಷ್ಮದರ್ಶಕದ ತಿರುಪು ತಿರುಗಿಸಿದಳು. ಚುಕ್ಕೆಯ ಪಕ್ಕದ ಕೋಶಗಳು ಸ್ಪಷ್ಟವಾಗಿ ಕಂಡಾಗ ಉಳಿದವೆಲ್ಲ ಮಸುಕು. ಅಂದರೆ ಇವು ಉಳಿದವುಗಳ ಮಟ್ಟದಲ್ಲಿಲ್ಲ, ಆಮೇಲೆ ಮೇಲೆ ಬಂದು ಕೂತವು! ಅಂದು ಅದೇ ಜಾಡಿಗೆ ಮೊದಲು ಅದ್ದಿದ್ದ, ವೃದ್ಧೆಯೊಬ್ಬರ ಗಾಜಿನಲ್ಲಿ ಅಂಥವೇ ಕೋಶಗಳಿದ್ದವು. ಅವಸರದಲ್ಲಿ ಅವಳು ನಡುವೆ ಬಣ್ಣ ಸೋಸಿರಲಿಲ್ಲ...

ನೇರ ಅವನ ಕೋಣೆಗೆ ಹೋದಳು.

"ತಪ್ಪು ನನ್ನದು. ಬರೆದುಕೊಡ್ತೀನಿ."

ಅವನು ಗೆದ್ದವನಂತೆ ನಗಲಿಲ್ಲ. ಹಿಂದಿನ ಲ್ಯಾಬಿನಲ್ಲಿ ತಾನು ಇಂಥದ್ದೇ ಗಾಜಿಗೆ ಸಹಿ ಹಾಕಿದ್ದನ್ನು, ಅದರಿಂದ ಗರ್ಭಕೋಶ ಕಳೆದುಕೊಂಡ ಅಲ್ಲಿನ ಹೆಣ್ಣುಮಗಳು ಇನ್ನೆಂದೂ ತಾಯಿಯಾಗಲಾರಳೆಂಬುದನ್ನು ತಗ್ಗಿದ ಧ್ವನಿಯಲ್ಲಿ ಹೇಳಿದ.

"ಅವತ್ತು ಯಾರೂ ನನ್ನ ಎದುರು ನಿಲ್ಲಲಿಲ್ಲ. ನೀವು ಯಾರದೋ ಪ್ರಾಣಕ್ಕೋಸ್ಕರ ನನ್ನ ಮೇಲೆ ದೂರು ಕೊಟ್ರಿ. ಅದನ್ನ ಓದಿದಾಗಿನಿಂದ ನೀವು ಮನಸ್ಸಿಂದ ಹೋಗ್ತಾನೇ ಇಲ್ಲ."

"ಕೋಪ ಬಂತಾ?"

"ಬಂತು. ಆಮೇಲೆ ಪ್ರೀತಿ ಬಂತು."

ಅವಳ ಕಣ್ಣು ತುಂಬಿತು. ಮಾತು ಮಾತ್ರ ಮೊನಚಾಗಿಯೇ ಬಂತು.

"ತಪ್ಪು ನಂದಾದ್ರೂ ಅಷ್ಟು ಒರಟಾಗಿ ಹೇಳಬಾರದಿತ್ತು. ಭಾನುವಾರ ಮನೆಗೆ ಬನ್ನಿ. ನಮ್ಮಪ್ಪನ ಹತ್ರ ಇದನ್ನಾದ್ರೂ ಮೆತ್ತಗೆ ಹೇಳಿ."

"ಅವರು ಒಪ್ಪದಿದ್ರೆ?"

"ಆಗ ಜಗಳ ನಾನು ಆಡ್ತೀನಿ."