ಮುಗ್ಗಲು ಗಾಳಿ

ಕಾರಿನ ಎಸಿ ರಿಪೇರಿ ನನ್ನ ಕಸುಬು. ಜ್ವರ ಬಂದು ಹೋದಮೇಲೆ ಎರಡು ವರ್ಷ ನನ್ನ ಮೂಗಿಗೆ ಯಾವ ವಾಸನೆಯೂ ಹತ್ತುತ್ತಿರಲಿಲ್ಲ. ಅಂಗಡಿಯಲ್ಲಿ ಮೂಸಿ ನೋಡುವುದು ಹೆಂಡತಿಯ ಕೆಲಸವಾಗಿತ್ತು.

ಒಂದು ಮಧ್ಯಾಹ್ನ ನರ್ಸಮ್ಮ ಒಬ್ಬರು, "ಎಸಿ ಹಾಕಿದ್ರೆ ಮುಗ್ಗಲು ವಾಸನೆ" ಅಂತ ಕಾರು ಬಿಟ್ಟುಹೋದರು. ನಾನು ಬ್ಯಾಟರಿ ಬಿಚ್ಚಿ, ಗಾಳಿ ದೂಡುವ ಫ್ಯಾನನ್ನು ಹೊರಗೆ ತೆಗೆದೆ. ಹೆಂಡತಿ ಅದನ್ನು ಒರೆಸುತ್ತಾ ಪಕ್ಕದಲ್ಲೇ ಕೂತಿದ್ದಳು.

ಆಗ ಎಸಿ ಕಿಂಡಿಯಿಂದ ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು, ನೆನೆದ ಗೋಣಿಚೀಲದ ವಾಸನೆಯೊಂದಿಗೆ.

"ಏನೇ, ಮುಗ್ಗಲು ಹೊಡೀತಿದೆ ಅಲ್ವಾ?"

"ನಂಗೇನೂ ಬರ್ತಿಲ್ಲ," ಅಂದಳು. ಅವಳ ಮುಂಗುರುಳು ಹಾರುತ್ತಿತ್ತು. "ನಿಮಗೆ ಬರ್ತಿದೆಯಾ?"

ಅವಳ ಕೈ ಹಿಡಿದು ಮೂಸಿದೆ. ಸೋಪು, ಸೀಮೆಎಣ್ಣೆ, ಬೆವರು, ಎಲ್ಲವೂ ಸಿಕ್ಕಿತು. ಇಬ್ಬರೂ ಅತ್ತೆವು, ನಕ್ಕೆವು. ಅಂದಿನಿಂದ ಮೂಗು ಚೆನ್ನಾಗಿದೆ.

ಆವತ್ತು, ಬಿಚ್ಚಿದ ಫ್ಯಾನು ಇನ್ನೂ ಮಡಿಲಲ್ಲೇ ಇರುವಾಗ, ಅವಳು ಕಿಂಡಿಗೆ ಕೈ ಮುಗಿದು, ಮೆಲ್ಲಗೆ ಮುಚ್ಚುವವರೆಗೂ ಗಾಳಿ ನಿಲ್ಲಲಿಲ್ಲ.