ತೊಟ್ಟಿಲ ತೊಲೆ

ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ 9.40. ಚಿಕ್ಕನಾಯಕನಹಳ್ಳಿ ಸೀಮೆಯ ಠಾಣೆಗೆ ಕೊಬ್ಬರಿ ವ್ಯಾಪಾರಿ ಮಲ್ಲಿಕಾರ್ಜುನಯ್ಯ ಹೆಂಡತಿ ದ್ರಾಕ್ಷಾಯಣಮ್ಮನ ಜೊತೆ ಬಂದು ದೂರು ಕೊಟ್ಟರು. ಮನೆಯ ಅಟ್ಟ ಹೊತ್ತಿದ್ದ ಹಲಸಿನ ತೊಲೆ ಕಳುವಾಗಿದೆ. ಅದರ ಜಾಗದಲ್ಲಿ ತೆಂಗಿನ ತೊಲೆ ಕೂತಿದೆ. ಕದ್ದವನು ಬದಲಿ ಇಟ್ಟು ಹೋದ ಕೇಸು ಕಾನ್‌ಸ್ಟೆಬಲ್ ತಿಮ್ಮರಾಜುವಿನ ಸರ್ವೀಸಿನಲ್ಲಿ ಇದೇ ಮೊದಲು. ಅವನಿಗೆ ನಗು ತಡೆಯಲಾಗಲಿಲ್ಲ. ಸಬ್‌ಇನ್ಸ್‌ಪೆಕ್ಟರ್ ಸುನಂದಾ ನಗದೆ ಎಫ್‌ಐಆರ್ ದಾಖಲಿಸಿ ಜೀಪು ಹತ್ತಿದರು.

11.15ಕ್ಕೆ ಸ್ಥಳ ಪಂಚನಾಮೆ. ಅಟ್ಟದ ಮೇಲೆ ಕೊಬ್ಬರಿಯಾಗಲು ಬಿಟ್ಟ ಎಂಟು ಸಾವಿರ ಕಾಯಿ, ಒಂದೂ ಉರುಳಿರಲಿಲ್ಲ. ಹೊಸ ತೊಲೆಗೆ ಮಸಿ, ಎಣ್ಣೆ ಬಳಿದು ಹಳೆಯದರಂತೆ ಮಾಡಿದ್ದರು. ತೊಟ್ಟಿಲ ಹಗ್ಗದ ಎರಡು ಗೀರು ಕೂಡ ಇದ್ದವು.

"ಮೊಮ್ಮಗೀಗೆ ತೊಟ್ಲು ಕಟ್ಟಕ್ಕೋದೆ ಕಣಮ್ಮ," ಎಂದರು ದ್ರಾಕ್ಷಾಯಣಮ್ಮ. "ನಾಕು ತಲೆಮಾರಿಂದ ಹಗ್ಗ ಉಜ್ಜಿ ನುಣ್ಣಗಿತ್ತು. ಇದು ಕೈಗೆ ಚುಚ್ತದೆ."

ಸುನಂದಾ ಬೆರಳಾಡಿಸಿ ನೋಡಿದರು. ಹಗ್ಗದ್ದಲ್ಲ, ಉಳಿಯ ಕೆಲಸ.

ಮಗಳ ಹೆರಿಗೆಗೆಂದು ಮನೆಯವರೆಲ್ಲ ಹಿಂದಿನ ತಿಂಗಳು ನಾಲ್ಕು ದಿನ ತಿಪಟೂರಿನಲ್ಲಿದ್ದರು. ಬೀಗದ ಕೈ ಅಟ್ಟದ ಹಲಗೆ ರಿಪೇರಿಗೆ ಬಂದಿದ್ದ ದಬ್ಬೇಘಟ್ಟದ ಬಡಗಿ ಹುಚ್ಚರಂಗಯ್ಯನ ಬಳಿ ಇತ್ತು. ತಂಬೂರಿ ಮಾಡುವುದರಲ್ಲಿ ಹೆಸರಾದವನು. ಅವನು ಅಂಥವನಲ್ಲ ಎಂದು ಮಲ್ಲಿಕಾರ್ಜುನಯ್ಯ ಖಂಡಿತವಾಗಿ ಹೇಳಿದರು. ಪೊಲೀಸರು ಇಂಥ ಮಾತನ್ನು ಬರೆದುಕೊಳ್ಳುತ್ತಾರೆ, ನಂಬುವುದಿಲ್ಲ. ದಬ್ಬೇಘಟ್ಟದ ದಾರಿಯ ಮೂರನೇ ಸಾಮಿಲ್ಲಿನಲ್ಲಿ ವಿಚಾರಿಸಿದಾಗ, ಹದಿನೆರಡಡಿ ತೆಂಗಿನ ತೊಲೆ ಕೊಯ್ಯಿಸಿದವನು ಹುಚ್ಚರಂಗಯ್ಯನೇ ಎಂದು ತಿಳಿಯಿತು. ರಿಪೇರಿಯೆಂದೇ ನಂಬಿ ಇಬ್ಬರು ಕೂಲಿಯವರು ಅದನ್ನು ಎತ್ತಿಕೊಟ್ಟಿದ್ದರು.

ಮಧ್ಯಾಹ್ನ 3.20. ಅವನ ಕೊಟ್ಟಿಗೆಯಲ್ಲಿ ಹೊಸ ತಂಬೂರಿ ಗೋಡೆಗೊರಗಿತ್ತು. ತಂತಿ ಹಾಕುವುದೊಂದೇ ಬಾಕಿ. ಹಿಂಬದಿಯಲ್ಲಿ ತೊಟ್ಟಿಲ ಹಗ್ಗ ಉಜ್ಜಿದ ಎರಡು ನುಣುಪು ಗೀರುಗಳನ್ನು ಅವನು ಅಳಿಸದೆ ಬಿಟ್ಟಿದ್ದ.

"ಕೇಳಿ ತಗೋಬೋದಿತ್ತಲ್ಲ, ಯಜಮಾನ್ರೇ?"

ಅವನು ಎಡಗಿವಿ ಮುಂದೆ ತಂದ. ಸುನಂದಾ ಗಟ್ಟಿಯಾಗಿ ಮತ್ತೆ ಕೇಳಿದರು.

"ಮೂರು ಸಲ ಕೇಳ್ದೆ ತಾಯಿ. ತೊಟ್ಲು ಕಟ್ಟೋ ತೊಲೆ, ಕೊಡಕ್ಕಿಲ್ಲ ಅಂದ್ರು."

ಉಳಿದದ್ದನ್ನು ಹೇಳಿಕೆಯಲ್ಲಿ ಬರೆಸಿದ. ಬಲಗಿವಿ ಹೋಗಿ ಮೂರು ವರ್ಷವಾಗಿತ್ತು. ಎಡಗಿವಿ ಈ ದೀಪಾವಳಿಯವರೆಗೆ ಉಳಿದರೆ ಹೆಚ್ಚು ಎಂದು ಡಾಕ್ಟರು ಹೇಳಿದ್ದರು. ತಾನು ಮಾಡಿದ ತಂಬೂರಿಗಳ ನಾದ ಅವನಿಗೇ ಕೇಳುತ್ತಿರಲಿಲ್ಲ. ಅಟ್ಟದ ಕೆಲಸದಲ್ಲಿ ಸುತ್ತಿಗೆ ತಾಗಿದಾಗ, ನೂರು ವರ್ಷ ಒಣಗಿದ ಆ ತೊಲೆಯ ನಾದ ಮಾತ್ರ ಅವನಿಗೆ ಕೇಳಿಸಿತ್ತು. ಹೊಸ ಹಲಸು ಹಾಗೆ ಪಕ್ವವಾಗುವಷ್ಟು ದಿನ ಅವನಲ್ಲಿರಲಿಲ್ಲ.

5.05ಕ್ಕೆ ದಸ್ತಗಿರಿ. ತಂಬೂರಿಗೆ ಬಟ್ಟೆ ಸುತ್ತುವಾಗ, ತಂತಿ ಹಾಕಿ ಒಂದು ಸಲ ಮೀಟಲೇ ಎಂದು ಕೇಳಿದ. ಜಪ್ತಿ ಮಾಲನ್ನು ಮುಟ್ಟಗೊಡುವಂತಿಲ್ಲ, ಸುನಂದಾ ಆಗದೆಂದರು. ಅರಗಿನ ಮೊಹರು ಬಿತ್ತು.

ಮೊಹರು ಯಾವಾಗ ಒಡೆಯುತ್ತಾರೆ ಎಂದು ಅವನು ಜೀಪಿನಲ್ಲಿ ವಿಚಾರಿಸಿದ.

"ಕೇಸು ಮುಗೀಬೇಕಲ್ಲ, ಎರಡು ಮೂರು ವರ್ಷ ಆಯ್ತದೆ," ಎಂದ ತಿಮ್ಮರಾಜು.

ಹುಚ್ಚರಂಗಯ್ಯನಿಗೆ ಕೇಳಿಸಲಿಲ್ಲ, ಎಡಗಿವಿ ಮುಂದೆ ತಂದ. ತಿಮ್ಮರಾಜು ಗಟ್ಟಿಯಾಗಿ ಹೇಳಲು ಬಾಯಿ ತೆರೆದವನು, ಸುನಂದಾ ಅವರ ಮುಖ ನೋಡಿ ಸುಮ್ಮನಾದ.