ಬಂಡೆಯಡಿಯ ಕಪ್ಪು ಮೀನು

"ಬಾಯಿ, ಇಂಥಾ ಮೀನ ಸಮುದ್ರದಾಗ ಇಲ್ರಿ."

ಕೇಸರಿಬಾಯಿ ತಲೆ ಎತ್ತಿದಳು. ಕಪ್ಪು ರಬ್ಬರಿನ ಉಡುಪು ತೊಟ್ಟವನೊಬ್ಬ ಎದುರಿಗೆ ನಿಂತಿದ್ದ. ಅವನ ಮೈಮೇಲಿನ ನೀರು ಅವಳು ಮರಳಿನ ಮೇಲೆ ಹಾಸಿದ್ದ ಮೀನಿನ ಕಸೂತಿಯ ಮೇಲೆ ತೊಟ್ಟಿಕ್ಕುತ್ತಿತ್ತು.

ಬೆಳಗಿನಿಂದ ಗೋವೆಯ ಬೋಗಮಾಳೋ ದಂಡೆಯ ಸುಡುವ ಮರಳಿನಲ್ಲಿ ಮಾರುವ ಬಟ್ಟೆಯ ಗಂಟು ಹೊತ್ತು ತಿರುಗಿ, ಆಗಷ್ಟೇ ಕಾಲು ಚಾಚಿದ್ದಳು. ಜಗಳ ಆಡಲೂ ತ್ರಾಣವಿರಲಿಲ್ಲ... ಹಾಗಂತ ಸುಮ್ಮನಿರುವ ಹೆಣ್ಣೂ ಅಲ್ಲ.

"ಮೊದ್ಲ ಆ ಕಡೆ ಸರೀರಿ. ಸಮುದ್ರದಾಗ ಇಲ್ಲಂತ ನಿಮಗ್ಯಾರು ಹೇಳಿದ್ರು?"

"ಯಾರ ಹೇಳಬೇಕ್ರಿ? ದಿನಾ ಒಳಗ ಇಳೀತೇನಿ. ದಿನಾ ನೋಡತೇನಿ."

ಅವನ ಹೆಸರು ಲೋಕಪ್ಪ. ಸಿಂದಗಿ ಕಡೆಯವನು. ಅಪ್ಪ ವಾಸ್ಕೋ ಬಂದರಿನಲ್ಲಿ ಹಮಾಲಿ. ಮಗ ಮಾತ್ರ, ಪ್ರವಾಸಿಗರನ್ನು ಸಮುದ್ರದ ಅಡಿಗೆ ಇಳಿಸಿ ತೋರಿಸುವ ಕಾಯ್ತಾನ ಎಂಬ ಗೋವೆಯವನ ದೋಣಿಯಲ್ಲಿ ಗಾಳಿಯ ಸಿಲಿಂಡರ್ ಹೊರಲು ಸೇರಿದ್ದ. ಊರ ಬಾವಿಯಲ್ಲಿ ಈಜು ಕಲಿತವನು ಎಂದು ಗೊತ್ತಾದ ಮೇಲೆ ಕಾಯ್ತಾನ ಅವನಿಗೆ ಸಿಲಿಂಡರ್ ಕಟ್ಟಿಕೊಂಡು ಇಳಿಯುವುದನ್ನೂ ಕಲಿಸಿದ. ಗ್ರಾಂಡೆ ದ್ವೀಪದ ಬಳಿ ಲಂಗರು ಹವಳದ ಮೇಲೆ ಬಿದ್ದರೆ ಹವಳ ಮುರಿಯುತ್ತದೆ. ಎಲ್ಲರಿಗಿಂತ ಮೊದಲು ಒಬ್ಬನೇ ಇಳಿದು, ಅದನ್ನೆತ್ತಿ ಮರಳಿನಲ್ಲಿ ಊರುವುದು, ಅತಿಥಿಗಳು ಮೇಲೆ ಬರುವವರೆಗೂ ಅಲ್ಲೇ ಕಾಯುವುದು ಲೋಕಪ್ಪನ ಕೆಲಸ.

ಕಾಯುವವನಿಗೆ ನೋಡುವುದು ಬಿಟ್ಟು ಬೇರೇನಿದೆ? ಆ ಸಂಜೆಯಿಂದ ಅವನು ನೋಡಿದ್ದನ್ನೆಲ್ಲ ಕೇಸರಿಗೆ ಹೇಳತೊಡಗಿದ. ಗಿಳಿಯಂಥ ಕೊಕ್ಕಿನ ಮೀನೊಂದು ಹವಳ ಕಡಿಯುವ ಕಟಕಟ ಸದ್ದು ನೀರೊಳಗೂ ಕೇಳಿಸುತ್ತದಂತೆ. ಬಂಡೆಯ ಸಂದಿನಿಂದ ತಲೆ ಹಾಕಿ ಬಾಯಿ ತೆರೆದು ಮುಚ್ಚುವ ಹಾವಿನಂಥ ಮೀನು, ತನ್ನನ್ನೇ ಕಚ್ಚಲು ಬರುತ್ತಿದೆ ಎಂದು ಅವನು ಒಂದು ತಿಂಗಳು ಹೆದರಿದ್ದನಂತೆ. ಅದು ಬರೇ ಉಸಿರಾಡುತ್ತಿತ್ತಂತೆ, ಪಾಪ!

ಕೇಸರಿ ಅದನ್ನೆಲ್ಲ ಬಟ್ಟೆಗೆ ಇಳಿಸಿದಳು. ಲಂಬಾಣಿ ಕಸೂತಿಯಲ್ಲಿ, ಕನ್ನಡಿ ಕೂರಿಸಿ, ಯಾರೂ ಹಾಕದ ಮೀನುಗಳನ್ನು ಹಾಕಿದಳು. ಕಣ್ಣು ಉರಿಯುತ್ತಿದ್ದವು, ಬೆರಳು ಮರಗಟ್ಟುತ್ತಿದ್ದವು. ಆದರೂ ಸಂಜೆಯಾದರೆ ಅವಳ ಕಿವಿ ದೋಣಿಯ ಸದ್ದಿಗೇ ಕಾಯುತ್ತಿತ್ತು.

ಇದು ಪ್ರೀತಿ ಎಂದು ಅವಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಭಯವೂ ಅಷ್ಟೇ ಇತ್ತು.

ಅಕ್ಕ ಥಾವರಿಬಾಯಿಯ ಕಥೆ ಹಾಗಿತ್ತು. ಬಂದರಿನಲ್ಲಿ ಕ್ರೇನ್ ಓಡಿಸುತ್ತೇನೆ ಎಂದವನನ್ನು ಮದುವೆಯಾದಳು. ಕ್ರೇನ್ ಇರಲಿಲ್ಲ. ಕುಂಕಳ್ಳಿಯಲ್ಲಿ ಮೊದಲ ಹೆಂಡತಿ ಮಾತ್ರ ಇದ್ದಳು. ಅಂದಿನಿಂದ ತಾಯಿ ಭೂರಿಬಾಯಿ ಬಂದರಿನ ಗಂಡಸರ ಹೆಸರೆತ್ತಿದರೆ ಸಾಕು, ಉರಿದು ಬೀಳುತ್ತಿದ್ದಳು. ಮಳೆ ಹಿಡಿಯುವ ಮುಂಚೆ ಮೊಲೆಂ ಗಡಿ ದಾಟಿ ಊರಿನ ತಾಂಡಾಕ್ಕೆ ಹೋಗುವುದು, ಅಲ್ಲಿ ನೋಡಿಟ್ಟ ಗಂಡಿಗೆ ಕೇಸರಿಯನ್ನು ಕೊಡುವುದು ಎಂದು ಅವಳು ತೀರ್ಮಾನಿಸಿದ್ದಳು. ಕೇಸರಿ ಬಹಳ ಕಾಡಿದ ಮೇಲೆ ತಾಯಿ ಒಂದು ಮಾತಿಗೆ ಒಪ್ಪಿದಳು. ಲೋಕಪ್ಪ ಸುಳ್ಳು ಹೇಳದ ಮನುಷ್ಯನಾದರೆ, ಅವನ ಅಪ್ಪ ಬಂದು ಮಾತಾಡಲಿ.

ಸುಳ್ಳು ಹೇಳದ ಮನುಷ್ಯ! ಕೇಸರಿಗೆ ಆ ಬಗ್ಗೆ ಅನುಮಾನವೇ ಇರಲಿಲ್ಲ.

ಮೇ ತಿಂಗಳ ಮೊದಲ ವಾರದವರೆಗೆ.

ಅವತ್ತು ಅವಳು ಹಾಸಿದ್ದು ಆ ವರ್ಷದ ಅತಿ ದೊಡ್ಡ ಬಟ್ಟೆ. ಹವಳದ ಬಂಡೆಯ ಅಡಿಯಲ್ಲಿ ಗುಂಪಾಗಿ ನಿಲ್ಲುವ, ದೊಡ್ಡ ಕಣ್ಣಿನ, ನಾಚಿಕೆಯ ಮೀನುಗಳು. ಮಸಿಯ ಹಾಗೆ ಕರಿ ಎಂದು ಲೋಕಪ್ಪ ಹೇಳಿದ್ದ. ಒಂದೂವರೆ ತಿಂಗಳು ಕರಿ ದಾರದಲ್ಲಿ ಹೊಲಿದಿದ್ದಳು.

ಕೊಳ್ಳಲು ಬಂದ ಬಿಳಿಯ ಹೆಂಗಸು ಚೀಲದಿಂದ ಮೀನುಗಳ ಪುಸ್ತಕ ತೆಗೆದು ತೋರಿಸಿದಳು. ಅದೇ ಕಣ್ಣು, ಅದೇ ರೆಕ್ಕೆ. ಆದರೆ ಮೀನು ಕೆಂಪು. ಕುಂಕುಮದಷ್ಟು ಕೆಂಪು! ಹೆಂಗಸು ನಕ್ಕಳು. ಪಕ್ಕದ ವ್ಯಾಪಾರದವರೂ ನಕ್ಕರು.

ಕೇಸರಿ ಬಟ್ಟೆ ಮಡಿಚಿದಳು. ಕಣ್ಣಾರೆ ಕಂಡವನು ಕೆಂಪನ್ನು ಕರಿ ಎನ್ನುತ್ತಾನೆಯೇ? ಇವನು ಒಳಗೆ ಇಳಿಯುವುದೇ ಇಲ್ಲ... ದೋಣಿಯಲ್ಲಿ ಕೂತು, ಬಂದವರು ಹೇಳಿದ್ದನ್ನು ಕೇಳಿ, ಇಲ್ಲಿ ಬಂದು ಕಥೆ ಹೊಡೆಯುತ್ತಾನೆ. ಇವನದೂ ಕ್ರೇನೇ!

ಸಂಜೆ ಅವನು ಬಂದಾಗ ಅವಳು ಗಂಟು ಕಟ್ಟುತ್ತಿದ್ದಳು.

"ಆ ಮೀನ ಕೆಂಪೈತಿ. ಪುಸ್ತಕದಾಗ ನೋಡಿದೆ."

ಲೋಕಪ್ಪ ಗಲಿಬಿಲಿಗೊಂಡ. "ಇಲ್ಲ ಕೇಸರಿ, ಕರಿದೈತಿ."

"ಮರತಿದ್ದೆ ಅನ್ರಿ. ತಪ್ಪಾತು ಅನ್ರಿ. ಅಷ್ಟರ ಅನ್ರಿ."

"ಹೆಂಗ ಅನ್ಲಿ? ನಾ ಕಂಡದ್ದು ಕರಿದೇ."

ತಪ್ಪಾಯಿತು ಎಂದಿದ್ದರೆ ಅವಳು ಬಹುಶಃ ಕ್ಷಮಿಸುತ್ತಿದ್ದಳು. ಈ ಹಟವನ್ನು ಮಾತ್ರ ಸಹಿಸಲಾಗಲಿಲ್ಲ. ಮರುದಿನದಿಂದ ದಂಡೆಯ ಇನ್ನೊಂದು ತುದಿಗೆ ಹೋಗಿ ಕೂತಳು. ಅತ್ತಳೇ ಎಂದರೆ, ಇಲ್ಲ. ಅಳುವುದಕ್ಕೂ ಒಂದಿಷ್ಟು ಹುರುಪು ಬೇಕು. ಊರಿಗೆ ಹೋಗೋಣ ಎಂದು ತಾಯಿ ಅಂದಾಗ ಹೂಂ ಎಂದುಬಿಟ್ಟಳು.

ಇತ್ತ ಲೋಕಪ್ಪನಿಗೂ ತಲೆ ಕೆಟ್ಟಿತ್ತು. ಸಿಲಿಂಡರ್ ಹೊರುವವನಿಗೆ ಪುಸ್ತಕ ಯಾರು ತೋರಿಸುತ್ತಾರೆ? ಹದಿನೈದು ದಿನ ಒದ್ದಾಡಿ, ಕೊನೆಗೆ ಕಾಯ್ತಾನನನ್ನೇ ಕೇಳಿದ. ಕಾಯ್ತಾನ ಮಾತು ಕಡಿಮೆಯವನು. ಶನಿವಾರ ಈ ವರ್ಷದ ಕೊನೆಯ ದೋಣಿ, ಹುಡುಗಿಯನ್ನು ಕರೆದು ತಾ, ಇಬ್ಬರಿಗೂ ತೋರಿಸುತ್ತೇನೆ ಎಂದಷ್ಟೇ ಹೇಳಿದ.

ಲೋಕಪ್ಪ ನೇರವಾಗಿ ಭೂರಿಬಾಯಿಯ ಮುಂದೆ ಹೋಗಿ ನಿಂತ. ಒಮ್ಮೆ ಕಣ್ಣಾರೆ ನೋಡಿ ಬರಲಿ, ಆಮೇಲೆ ನನ್ನ ಮುಖ ನೋಡುವುದು ಬೇಡವೆಂದರೆ ಬೇಡ ಎಂದ. ಭೂರಿಬಾಯಿ ಬಾಯಿಗೆ ಬಂದ ಹಾಗೆ ಬೈದಳು. ಬೈದು ಮುಗಿದ ಮೇಲೆ, ತಾನೂ ದೋಣಿಯಲ್ಲಿ ಬರುವುದಾದರೆ ಸರಿ ಎಂದಳು. ಸುಳ್ಳುಗಾರ ಇಷ್ಟು ದೂರ ಬರುತ್ತಾನೆಯೇ ಎಂಬ ಪ್ರಶ್ನೆ ಅವಳನ್ನೂ ಕುಟುಕಿತ್ತು.

ಶನಿವಾರ ಬೆಳಿಗ್ಗೆ ದಂಡೆಯ ಸೊಂಟದುದ್ದ ನೀರಿನಲ್ಲಿ ಕಾಯ್ತಾನ ಕೇಸರಿಗೆ ಬಾಯಿಂದ ಉಸಿರಾಡುವುದನ್ನು ಕಲಿಸಿದ. ಅವಳ ಅಳತೆಯ ರಬ್ಬರ್ ಉಡುಪು ಇರಲಿಲ್ಲ. ಎರವಲು ತಂದ ಪೈಜಾಮ, ಮೇಲೆ ತನ್ನದೇ ಉದ್ದ ತೋಳಿನ ಕೆಂಪು ರವಿಕೆ ತೊಟ್ಟಿದ್ದಳು. ದ್ವೀಪದ ಬಳಿ ಬಂದಾಗ ಲೋಕಪ್ಪ ಲಂಗರು ಊರಿ ಬಂದು ಅವಳ ಎಡಗೈ ಹಿಡಿದ. ಬಲಗೈಯನ್ನು ಕಾಯ್ತಾನ ಹಿಡಿದ. ಲಂಗರಿನ ಹಗ್ಗದ ಗುಂಟ ಮೂವರೂ ಇಳಿದರು.

ಕಿವಿ ಒತ್ತಿತು. ಮೇಲಿನ ಬೆಳಕು ಹಸಿರಾಯಿತು. ಪಟ್ಟೆ ಪಟ್ಟೆ ಮೀನುಗಳ ಹಿಂಡೊಂದು ಅವಳ ಮುಖದ ಮುಂದೆಯೇ ಸರಿದುಹೋಯಿತು. ಕಟಕಟ ಸದ್ದು ಕೇಳಿಸಿತು. ಅಯ್ಯೋ ದೇವರೇ... ಹವಳ ಕಡಿಯುವ ಸದ್ದು!

ಆಗ ಲೋಕಪ್ಪ ಹಿಡಿದಿದ್ದ ತನ್ನ ತೋಳು ಕಂಡಿತು. ರವಿಕೆ ಕೆಂಪಿರಲಿಲ್ಲ. ಕಂದಾಗಿತ್ತು. ಇನ್ನೂ ಇಳಿದ ಹಾಗೆ, ಅವಳು ನೋಡನೋಡುತ್ತಲೇ, ತೋಳು ಕಪ್ಪಾಗಿಹೋಯಿತು.

ಬಂಡೆಯ ಅಡಿಯಲ್ಲಿ ಅವು ನಿಂತಿದ್ದವು. ದೊಡ್ಡ ಕಣ್ಣು, ನಾಚಿಕೆಯ ಗುಂಪು. ಕರಿ. ಮಸಿಯಷ್ಟು ಕರಿ.

ಕಾಯ್ತಾನ ಸೊಂಟದಿಂದ ಬ್ಯಾಟರಿ ತೆಗೆದು ಬೆಳಕು ಬಿಟ್ಟ. ಇಡೀ ಗುಂಪು ಒಮ್ಮೆಗೇ ಕೆಂಪಾಯಿತು. ಅವಳ ತೋಳೂ ಕೆಂಪಾಯಿತು. ಬ್ಯಾಟರಿ ಆರಿಸಿದ, ಎಲ್ಲ ಕರಿ. ಲೋಕಪ್ಪ ಕೈ ಚಾಚಿ ಬ್ಯಾಟರಿ ತೆಗೆದುಕೊಂಡು, ತಾನೇ ಮತ್ತೊಮ್ಮೆ ಬೆಳಕು ಬಿಟ್ಟ. ಎರಡು ವರ್ಷ ಪಕ್ಕದಲ್ಲೇ ಕಾದವನು ಆ ಬಣ್ಣವನ್ನು ಈಗಲೇ ಮೊದಲ ಸಲ ನೋಡುತ್ತಿದ್ದ.

ದೋಣಿ ಹತ್ತಿ ಕೇಸರಿ ಹಲಗೆಯ ಮೇಲೆ ಒರಗಿದಳು. ಆಳಕ್ಕೆ ಹೋದರೆ ನೀರು ಮೊದಲು ಕೆಂಪನ್ನೇ ನುಂಗುತ್ತದೆ, ಹಾಗಾಗಿ ಕೆಂಪೆಲ್ಲ ಕಪ್ಪಾಗಿ ಕಾಣುತ್ತದೆ ಎಂದು ಕಾಯ್ತಾನ ಹೇಳಿದ. ಅಲೆಯ ಓಲಾಟಕ್ಕೆ ಸೋತುಹೋಗಿದ್ದ ಭೂರಿಬಾಯಿಗೆ ಅದೆಲ್ಲ ಬೇಕಿರಲಿಲ್ಲ. ಮೀನು ಕೆಂಪೋ ಕರಿಯೋ, ಒಂದೇ ಮಾತಿನಲ್ಲಿ ಹೇಳಿ ಎಂದಳು.

"ಕೆಂಪೈತ್ರಿ, ಯವ್ವಾ," ಎಂದ ಲೋಕಪ್ಪ. "ನಾ ಹೇಳಿದ್ದು ತಪ್ಪು."

ಕೇಸರಿ ಅವನನ್ನೇ ನೋಡಿದಳು. ಅವತ್ತು ಕರಿ ಎಂದವನೂ ಇವನೇ, ಇವತ್ತು ಕೆಂಪು ಎಂದವನೂ ಇವನೇ. ಎರಡು ಸಲವೂ ತನಗೇ ನಷ್ಟವಾಗುವ ಮಾತನ್ನೇ ಆಡಿದ್ದ.

"ಯಾಡಿ," ಎಂದು ತಾಯಿಯನ್ನು ಕರೆದಳು. "ನನ್ನ ಕಣ್ಣಿಗೂ ಕರಿದೇ ಕಂಡ್ವು. ಇವ್ರು ಸುಳ್ಳ ಹೇಳಿಲ್ಲ."

ಭೂರಿಬಾಯಿ ಲೋಕಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ, ನಾಳೆ ನಿಮ್ಮಪ್ಪನನ್ನು ಕಳಿಸು ಎಂದು ಗೊಣಗಿ, ಸೆರಗು ಮುಖಕ್ಕೆ ಎಳೆದುಕೊಂಡು ಮಲಗಿಬಿಟ್ಟಳು.

ದೋಣಿ ದಂಡೆಯ ಕಡೆ ತಿರುಗಿತು. ಲೋಕಪ್ಪ ಬಂದು ಪಕ್ಕದಲ್ಲಿ ಕೂತ.

"ನಂಗ ಭಾಳ ದಣಿವಾಗೇತ್ರಿ," ಎಂದಳು ಕೇಸರಿ. "ಈಸಿದ್ದಕ್ಕಲ್ಲ. ಸಂಶೇ ಪಟ್ಟು ಪಟ್ಟು ದಣದೇನಿ."

"ನಾನೂ ದಣದೇನಿ. ಹದಿನೈದು ದಿನ ಲಂಗರ ಊರಿ, ಕಣ್ಣ ಮುಚ್ಚಿಕೊಂಡ ಕುಂತೇನಿ."

"ಯಾಕ?"

"ಯಾರಿಗೆ ಹೇಳಾಕ ನೋಡ್ಲಿ, ಕೇಸರಿ?"

ಇಷ್ಟು ದಿನ ಬರದ ಕಣ್ಣೀರು ಈಗ ಬಂತು. ಅವನ ಒದ್ದೆ ಹೆಗಲಿಗೆ ತಲೆ ಆನಿಸಿದಳು.

"ಇನ್ನ ಮ್ಯಾಲ ನೋಡ್ರಿ," ಎಂದಳು ಮೆಲ್ಲಗೆ. "ನಾ ಕೇಳತೇನಿ."